ಗುಂಯ್ ಅನ್ನುವ ಗಿಟಾರು, ಅದರ ಬಾಯಿ ಮುಚ್ಚಿಸಲು ಹೊರಟವರು

ನಮ್ಮಣ್ಣ ಆರ್ಕೆಸ್ಟ್ರಾದಲ್ಲಿ ಗಿಟಾರ್ ಬಾರಿಸುವಾಗ ಯಾವಾಗಲೂ ಜನರಿಗೆ ಅರ್ಧ ಬೆನ್ನು ಹಾಕಿ ನಿಲ್ಲುತ್ತಿದ್ದ. ಶಿವಮೊಗ್ಗ, ಭದ್ರಾವತಿ, ತರೀಕೆರೆ... ಯಾವ ಊರಿನ ಗಣಪತಿ ಪೆಂಡಾಲಾದರೂ ಅಷ್ಟೆ. ಹುಡುಗರೆಲ್ಲ ಅದನ್ನು ಸ್ಟೈಲು ಅಂದುಕೊಂಡಿದ್ದರು. ನಾನೂ ಹಾಗೇ ಅಂದುಕೊಂಡು, ಮನೇಲಿ ಯಾರೂ ಇಲ್ಲದಾಗ ಕನ್ನಡಿ ಮುಂದೆ ಪೊರಕೆ ಹಿಡಿದು ಅರ್ಧ ತಿರುಗಿ ನಿಂತು ನೋಡಿದ್ದುಂಟು. ನಿಜವಾದ ಕಾರಣ ಗೊತ್ತಾಗಿದ್ದು ಎಷ್ಟೋ ವರ್ಷ ಆದಮೇಲೆ. ಆ ಒಂದು ಕೋನದಲ್ಲಿ ನಿಂತಾಗ ಮಾತ್ರ ಅವನ ಗಿಟಾರು ಸ್ವಲ್ಪ ಸುಮ್ಮನಿರುತ್ತಿತ್ತು. ಬೇರೆ ಕಡೆ ತಿರುಗಿದನೋ, ಸ್ಪೀಕರಿನಿಂದ ಗುಂಯ್‌ಯ್‌ಯ್... ಅಂತ ಶುರು.

ಅದು ಸ್ಟ್ರಾಟೋಕಾಸ್ಟರ್ ಆಕಾರದ, ಆದರೆ ಸ್ಟ್ರಾಟೋಕಾಸ್ಟರ್ ಅಲ್ಲದ ಗಿಟಾರು. 1991ರಲ್ಲಿ ಮೂರು ಸಾವಿರ ಚಿಲ್ಲರೆ ಕೊಟ್ಟು ತಂದಿದ್ದ. ಅಪ್ಪನಿಗೆ ಎರಡು ಸಾವಿರ ಅಂತ ಹೇಳಿದ್ದು ಬೇರೆ ವಿಷಯ. 1993ರಲ್ಲಿ ಬೆಂಗಳೂರಿನ ಒಂದು ಸ್ಟುಡಿಯೋದಿಂದ ಕರೆ ಬಂತು, ಭಾವಗೀತೆ ಕ್ಯಾಸೆಟ್ಟಿಗೆ ಗಿಟಾರ್ ಬೇಕು ಅಂತ. ಅಣ್ಣ ಹಿಂದಿನ ರಾತ್ರಿ ಗಿಟಾರು ಬಿಚ್ಚಿ ಎಲ್ಲ ಬೆಸುಗೆಗಳನ್ನೂ ಮತ್ತೊಮ್ಮೆ ಹಾಕಿದ. ಒಳಗೆಲ್ಲ ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಅಂಟಿಸಿದ. ರಾತ್ರಿ ಬಸ್ಸು ಹತ್ತಿ ಹೋದ. ಆ ಹಾಡಿನಲ್ಲಿ ಎರಡು ಕಡೆ ವಾದ್ಯಗಳೆಲ್ಲ ನಿಂತು ಬರೀ ಮೌನ. ಆ ಮೌನದಲ್ಲಿ ಅಣ್ಣನ ಗಿಟಾರು ಗುಂಯ್ ಅಂತಿತ್ತು. ರೆಕಾರ್ಡಿಸ್ಟು ಗಾಜಿನ ಆಚೆಯಿಂದ, "ಏನ್ರೀ ಅದು, ಗಿಟಾರೋ ಜೇನುಗೂಡೋ?" ಅಂದರಂತೆ. ಮಧ್ಯಾಹ್ನದ ಹೊತ್ತಿಗೆ ಇನ್ನೊಬ್ಬರು ಬೇರೆ ಗಿಟಾರ್ ತಂದು ನುಡಿಸಿ ಮುಗಿಸಿದರು. ಅಣ್ಣ ಸಂಜೆ ಬಸ್ಸಿಗೆ ವಾಪಸ್. ಆಮೇಲೆ ಯಾವ ಸ್ಟುಡಿಯೋಗೂ ಹೋಗಲಿಲ್ಲ. ಬ್ಯಾಂಕ್ ಕೆಲಸ ಸಿಕ್ಕಿತು, ಗಿಟಾರು ಅಟ್ಟಕ್ಕೆ ಹೋಯಿತು. ಕೇಳಿದರೆ ಈಗಲೂ ಒಂದೇ ಮಾತು, "ನನ್ನ ಬೆಸುಗೆ ಸರಿ ಇರಲಿಲ್ಲ ಕಣೋ".

ಕಳೆದ ವರ್ಷ ಆ ಗಿಟಾರು ನನ್ನ ಪಾಲಿಗೆ ಬಂತು. ಗುಂಯ್ ಅನ್ನದ ಹೊಸ ಪಿಕಪ್ ಹಾಕಿಸೋಣ ಅಂತ ಹೊರಟೆ. ಹೊರಟವನು ಅದರ ಚರಿತ್ರೆ ಓದುತ್ತಾ ಕೂತುಬಿಟ್ಟೆ. ಓದಿದಷ್ಟೂ ಒಂದು ವಿಷಯ ಸ್ಪಷ್ಟವಾಗ್ತಾ ಹೋಯ್ತು, ಅಣ್ಣನ ಬೆಸುಗೆಯದು ಏನೂ ತಪ್ಪಿರಲಿಲ್ಲ ಅಂತ. ಅದನ್ನೇ ಇಲ್ಲಿ ಬರೀತಿದೀನಿ. ಗಿಟಾರ್ ಗೊತ್ತಿಲ್ಲದವರೂ ಓದಬಹುದು, ನಾನೂ ಅಂಥಾ ಪಂಡಿತನೇನಲ್ಲ.

ಮೊದಲು ಈ ಪಿಕಪ್ ಅಂದರೆ ಏನು ಅಂತ. ತಂತಿಗಳ ಕೆಳಗೆ ಅಯಸ್ಕಾಂತ, ಅದರ ಸುತ್ತ ಕೂದಲಿಗಿಂತ ಸಣ್ಣ ತಾಮ್ರದ ತಂತಿಯ ಸುರುಳಿ. ಸ್ಟ್ರಾಟೋಕಾಸ್ಟರಿನ ಪಿಕಪ್ಪಿನಲ್ಲಿ ಹೆಚ್ಚುಕಮ್ಮಿ ಎಂಟು ಸಾವಿರ ಸುತ್ತು ಇರುತ್ತೆ. ಮೇಲೆ ಉಕ್ಕಿನ ತಂತಿ ಕಂಪಿಸಿದಾಗ ಅಯಸ್ಕಾಂತದ ಕ್ಷೇತ್ರ ಅಲುಗಾಡಿ ಸುರುಳಿಯಲ್ಲಿ ಸಣ್ಣ ವಿದ್ಯುತ್ತು ಹುಟ್ಟುತ್ತೆ. 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಹಿಡಿದದ್ದು ಇದೇ. ಆ ವಿದ್ಯುತ್ತನ್ನು ಆಂಪ್ಲಿಫೈಯರ್ ದೊಡ್ಡದು ಮಾಡುತ್ತೆ. ಮೈಕಿನ ಹಾಗೆ ಗಾಳಿಯ ಶಬ್ದ ಕೇಳಿಸಿಕೊಳ್ಳುವ ಯಂತ್ರ ಇದಲ್ಲ. ಕಾಂತಕ್ಷೇತ್ರದ ಅಲುಗಾಟ ಮಾತ್ರ ಇದಕ್ಕೆ ಗೊತ್ತು.

ತೊಂದರೆಯೂ ಅಲ್ಲೇ ಇರೋದು. ಮನೆಯ ಗೋಡೆಯೊಳಗಿನ ವೈರು, ಟ್ಯೂಬ್‌ಲೈಟಿನ ಚೋಕು, ಆಂಪ್ಲಿಫೈಯರಿನ ಒಳಗೇ ಇರುವ ಟ್ರಾನ್ಸ್‌ಫಾರ್ಮರು, ಇವೆಲ್ಲದರ ಸುತ್ತಲೂ ಕಾಂತಕ್ಷೇತ್ರ ಅಲುಗಾಡ್ತಾನೇ ಇರುತ್ತೆ, ನಮ್ಮಲ್ಲಿ ಸೆಕೆಂಡಿಗೆ 50 ಸಲ, ಅಮೆರಿಕದಲ್ಲಿ 60 ಸಲ. ಯಾವ ಅಲುಗಾಟ ಸಂಗೀತ, ಯಾವುದು ಕರೆಂಟು ಅನ್ನೋ ವಿವೇಕ ಸುರುಳಿಗೆ ಇಲ್ಲ. ಎರಡನ್ನೂ ಒಂದೇ ಶ್ರದ್ಧೆಯಿಂದ ಕಳಿಸುತ್ತೆ. ಸುರುಳಿಯ ಮುಖವನ್ನು ಆ ಕ್ಷೇತ್ರಕ್ಕೆ ಅಡ್ಡವಾಗಿ ತಿರುಗಿಸಿದರೆ ಗುಂಯ್ ತಗ್ಗುತ್ತೆ. ಅಣ್ಣನ ಅರ್ಧ ಬೆನ್ನಿನ ಸ್ಟೈಲು ಅಂದರೆ ಇದು!

ಇನ್ನೊಂದು ತಮಾಷೆ. ಸೆಕೆಂಡಿಗೆ 50 ಅಂದರೆ ಪಾಶ್ಚಾತ್ಯ ಸ್ವರಗಳ ಲೆಕ್ಕದಲ್ಲಿ ಮಂದ್ರದ 'ಜಿ' ಸ್ವರಕ್ಕೆ ತೀರ ಹತ್ತಿರ, ಕೂದಲೆಳೆಯಷ್ಟು ಮೇಲೆ. ಅಮೆರಿಕದ 60 ಬಿ ಫ್ಲ್ಯಾಟಿಗೂ ಬಿ ಸ್ವರಕ್ಕೂ ನಡುವೆ ಎಲ್ಲೋ ಅಂತರಪಿಶಾಚಿಯಾಗಿ ನಿಲ್ಲುತ್ತೆ. ಅಂದರೆ ನಮ್ಮ ಗುಂಯ್ ಸ್ವಲ್ಪ ಶ್ರುತಿಬದ್ಧ. ಬೇಡ ಅಂದರೂ ಬಂದು ಕೂರುವ ತಂಬೂರಿ.

ಇದನ್ನೆಲ್ಲ ಶುರು ಮಾಡಿದ್ದು ಹವಾಯಿಯನ್ ಗಿಟಾರಿನವರು. 1920ರ ದಶಕದಲ್ಲಿ ಅಮೆರಿಕದ ಬ್ಯಾಂಡುಗಳು ದೊಡ್ಡದಾಗ್ತಾ ಹೋದವು. ತುತ್ತೂರಿ, ಸ್ಯಾಕ್ಸೋಫೋನು, ಡ್ರಮ್ಮುಗಳ ನಡುವೆ ಗಿಟಾರಿನವನು ಬಾರಿಸ್ತಿದಾನೋ ಕೈ ತುರಿಸ್ಕೋತಿದಾನೋ ಗೊತ್ತಾಗ್ತಿರಲಿಲ್ಲ. ಜಾರ್ಜ್ ಬ್ಯೂಶಾಂ ಅನ್ನೋ ಹವಾಯಿಯನ್ ಗಿಟಾರ್ ವಾದಕ ಲಾಸ್ ಏಂಜಲೀಸಿನಲ್ಲಿ ಮನೆಯ ಊಟದ ಮೇಜಿನ ಮೇಲೆ ಕೂತು ಸುರುಳಿ ಸುತ್ತಿದ. ಸುತ್ತೋಕೆ ಬಟ್ಟೆ ಒಗೆಯುವ ಮಷೀನಿನ ಮೋಟರು ಬಳಸಿದ ಅಂತ ಕೆಲವರು, ಅಲ್ಲ ಹೊಲಿಗೆ ಮಷೀನಿನದು ಅಂತ ಇನ್ನು ಕೆಲವರು. ಯಾವುದಾದರೂ ಆಗಲಿ, ಮನೇಲಿ ಬೈಗುಳ ಗ್ಯಾರಂಟಿ. 1931ರಲ್ಲಿ ಮರದ ಮಾದರಿ ಸಿದ್ಧವಾಯಿತು. ಅಡಾಲ್ಫ್ ರಿಕನ್‌ಬ್ಯಾಕರ್ ಜೊತೆ ಸೇರಿ ಮರುವರ್ಷದಿಂದ ಅಲ್ಯೂಮಿನಿಯಂನಲ್ಲಿ ಎರಕ ಹೊಯ್ದು ಮಾರಿದರು. ದುಂಡು ಮೈ, ಉದ್ದ ಕೈ, ನೋಡೋಕೆ ಥೇಟ್ ಬಾಣಲೆ. ಹಾಗಾಗಿ ಹೆಸರೂ 'ಫ್ರೈಯಿಂಗ್ ಪ್ಯಾನ್'. ಪೇಟೆಂಟ್ ಸಿಕ್ಕಿದ್ದು 1937ರಲ್ಲಿ.

(ಹವಾಯಿಯನ್ ಗಿಟಾರು ಅಂದ ಕೂಡಲೇ ನಮ್ಮವರ ನೆನಪಾಗದೇ ಇರಲ್ಲ. ಹಿಂದಿ ಸಿನಿಮಾ ಹಾಡುಗಳನ್ನು ಎಲೆಕ್ಟ್ರಿಕ್ ಗಿಟಾರಿನಲ್ಲಿ ನುಡಿಸಿ ರೆಕಾರ್ಡು ಮಾಡಿದ ವ್ಯಾನ್ ಶಿಪ್ಲೆ, ಅದೇ ಜಾತಿಯ ಗಿಟಾರನ್ನು ಹಿಂದೂಸ್ತಾನಿ ಕಛೇರಿಗೆ ಕರೆತಂದ ಬ್ರಿಜ್ ಭೂಷಣ್ ಕಾಬ್ರಾ... ಅದು ಬೇರೆಯೇ ಕಥೆ, ಇನ್ನೊಮ್ಮೆ ಬರೀತೀನಿ.)

1936ರಲ್ಲಿ ಗಿಬ್ಸನ್ ಕಂಪನಿ ಇಎಸ್-150 ಅನ್ನೋ ಗಿಟಾರ್ ತಂದಿತು. ಚಾರ್ಲಿ ಕ್ರಿಶ್ಚಿಯನ್ ಅನ್ನೋ ಹುಡುಗ ಅದನ್ನು ಹಿಡಿದು 1939ರಲ್ಲಿ ಬೆನ್ನಿ ಗುಡ್‌ಮನ್ನನ ಬ್ಯಾಂಡು ಸೇರಿದ. ತಾಳಕ್ಕೆ ಜೊತೆ ಕೊಡ್ತಾ ಹಿಂದೆ ಕೂತಿದ್ದ ಗಿಟಾರು ಮುಂದೆ ಬಂದು ತಾನೇ ಹಾಡೋಕೆ ಶುರು ಮಾಡಿತು. 1942ರಲ್ಲಿ, ಬರೀ 25ನೇ ವಯಸ್ಸಿಗೆ, ಕ್ಷಯದಿಂದ ತೀರಿಕೊಂಡ. ಅವನ ಗಿಟಾರಿನದೂ ಒಂಟಿ ಸುರುಳಿಯೇ, ಗುಂಯ್ ಅನ್ನುವ ಜಾತಿಯದೇ.

ನನಗೆ ಆಶ್ಚರ್ಯ ಆಗಿದ್ದು ಇಲ್ಲಿ. ಈ ರೋಗಕ್ಕೆ ಔಷಧಿ ಆಗಲೇ ಗೊತ್ತಿತ್ತು! 1934ರಲ್ಲೇ ಎಲೆಕ್ಟ್ರೋ-ವಾಯ್ಸ್ ಕಂಪನಿ ಮೈಕ್ರೋಫೋನಿನೊಳಗೆ ಗುಂಯ್ ಕಳೆಯಲು ಇನ್ನೊಂದು ಸುರುಳಿ ಇಡೋ ಉಪಾಯ ಮಾಡಿತ್ತು. 1935ರಲ್ಲಿ ಅರ್ನಾಲ್ಡ್ ಲೆಸ್ಟಿ ಎರಡು ಸುರುಳಿಯ ಪಿಕಪ್ ವಿನ್ಯಾಸ ಮಾಡಿದ. ಅದೇ ವರ್ಷದ ಡಿಸೆಂಬರಿನಲ್ಲಿ ಬಾಲ್ಡ್‌ವಿನ್ ಪಿಯಾನೋ ಕಂಪನಿಯ ನೋಬ್ಲಾ ಅನ್ನುವವನು ಒಂದರ ಮೇಲೊಂದು ಸುರುಳಿ ಕೂರಿಸುವ ಪಿಕಪ್ಪಿಗೆ ಪೇಟೆಂಟ್ ಅರ್ಜಿ ಹಾಕಿದ. ಈ ಕೊನೆಯದನ್ನು ನೆನಪಿಟ್ಟುಕೊಳ್ಳಿ. ಇವತ್ತು ನಾವು ದುಡ್ಡು ಸುರಿದು ತರುವ 'ನಾಯ್ಸ್‌ಲೆಸ್' ಪಿಕಪ್ಪುಗಳಲ್ಲಿ ಎಷ್ಟೋ ಇದೇ ಉಪಾಯದ ಮೊಮ್ಮಕ್ಕಳು.

ಉಪಾಯ ಸರಳ. ಎರಡು ಸುರುಳಿ ತಗೊಳ್ಳಿ. ಒಂದರ ಅಯಸ್ಕಾಂತದ ಉತ್ತರ ಧ್ರುವ ಮೇಲೆ, ಇನ್ನೊಂದರದು ದಕ್ಷಿಣ ಧ್ರುವ ಮೇಲೆ. ಜೊತೆಗೆ ಎರಡನೇ ಸುರುಳಿಯನ್ನು ಉಲ್ಟಾ ಜೋಡಿಸಿ. ಹೊರಗಿನಿಂದ ಬರುವ ಗುಂಯ್‌ಗೆ ನಿಮ್ಮ ಅಯಸ್ಕಾಂತದ ಹಂಗಿಲ್ಲ, ಅದು ಎರಡು ಸುರುಳಿಗೂ ಒಂದೇ ರೀತಿ ಹೊಡೆಯುತ್ತೆ. ಆದರೆ ಜೋಡಣೆ ಉಲ್ಟಾ ಇರುವುದರಿಂದ ಎತ್ತು ಏರಿಗೆ, ಕೋಣ ನೀರಿಗೆ. ಗಾಡಿ ನಿಂತಲ್ಲೇ ನಿಲ್ಲುತ್ತೆ, ಗುಂಯ್ ಮಾಯ. ತಂತಿಯ ನಾದ ಮಾತ್ರ ಅಯಸ್ಕಾಂತದಿಂದ ಒಮ್ಮೆ ಉಲ್ಟಾ, ಜೋಡಣೆಯಿಂದ ಇನ್ನೊಮ್ಮೆ ಉಲ್ಟಾ. ಮೈನಸ್ಸು ಇಂಟು ಮೈನಸ್ಸು ಪ್ಲಸ್ಸು ಅಂತ ಮೇಷ್ಟ್ರು ಹೇಳಿಕೊಟ್ಟಿದ್ದರಲ್ಲ, ಹಾಗೆ. ಎರಡೂ ಸೇರಿ ನಾದ ಜೋರಾಗುತ್ತೆ.

ಇಷ್ಟು ಸುಲಭ ಇದ್ದಿದ್ದರೆ ಗಿಟಾರಿನವರು ಯಾಕೆ ಸುಮ್ಮನಿದ್ದರು? ನನ್ನ ಊಹೆ, ಆಗ ಯಾರಿಗೂ ಅದು ಅಷ್ಟೇನೂ ತೊಂದರೆ ಕೊಡ್ತಿರಲಿಲ್ಲ. ಆಂಪ್ಲಿಫೈಯರುಗಳು ಸಣ್ಣವು. ಸುತ್ತ ಗಲಾಟೆಯ ಬ್ಯಾಂಡು. ಗಿಟಾರು ಕೇಳಿಸಿದರೆ ಸಾಕಪ್ಪಾ ದೇವರೇ ಅನ್ನುವ ಕಾಲ.

ಆ ಕಾಲದ ಮನುಷ್ಯ ಲಿಯೋ ಫೆಂಡರ್. ಕ್ಯಾಲಿಫೋರ್ನಿಯಾದ ಫುಲರ್ಟನ್ ಅನ್ನೋ ಊರಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದವನು. ಗಿಟಾರ್ ನುಡಿಸೋಕೆ ಬರ್ತಿರಲಿಲ್ಲ. ಆದರೆ ಜಗತ್ತಿನಲ್ಲಿ ಅತಿ ಹೆಚ್ಚು ನಕಲು ಆಗಿರುವ ಗಿಟಾರುಗಳು ಅವನವೇ. ರಿಪೇರಿಯವನ ಬುದ್ಧಿ ನೋಡಿ, ಎಲ್ಲವನ್ನೂ ಸ್ಕ್ರೂ ಹಾಕಿ ಜೋಡಿಸಿದ, ಕೆಟ್ಟರೆ ಬಿಚ್ಚಿ ಬದಲಿಸಬಹುದು. 1950ರಲ್ಲಿ ಬ್ರಾಡ್‌ಕಾಸ್ಟರ್ ತಂದ. ಗ್ರೆಚ್ ಕಂಪನಿ ಆ ಹೆಸರಿನ ಡ್ರಮ್ಮು ನಮ್ಮದಿದೆ ಅಂತ ತಕರಾರು ಮಾಡಿದ್ದಕ್ಕೆ 1951ರಲ್ಲಿ ಟೆಲಿಕಾಸ್ಟರ್ ಅಂತ ಹೆಸರು ಬದಲಾಯಿತು. 1954ರಲ್ಲಿ ಮೂರು ಪಿಕಪ್ಪಿನ ಸ್ಟ್ರಾಟೋಕಾಸ್ಟರ್. ಎಲ್ಲವೂ ಒಂಟಿ ಸುರುಳಿ. ಗಾಜಿನ ಬಳೆ ಸದ್ದಿನಂಥ ತಿಳಿ ನಾದ. ಗಣಪತಿ ಪೆಂಡಾಲಿನ ತನಕ ಬಂದು ಮುಟ್ಟಿದ್ದು ಈ ಆಕಾರ, ಈ ನಾದ. ಜೊತೆಗೆ ಈ ಗುಂಯ್.

ಇತ್ತ ಮಿಷಿಗನ್‌ನ ಕಲಮಜೂ ಊರಲ್ಲಿ ಗಿಬ್ಸನ್ ಕಂಪನಿಯ ಇಂಜಿನಿಯರು ಸೆತ್ ಲವರ್. ಆಂಪ್ಲಿಫೈಯರಿನೊಳಗೆ ಟ್ರಾನ್ಸ್‌ಫಾರ್ಮರಿನ ಗುಂಯ್ ತಪ್ಪಿಸಲು ಆತ ಉಲ್ಟಾ ಸುರುಳಿಯ ಚೋಕು ಬಳಸಿದ್ದ. ಚೋಕಿಗೆ ಆಗುವುದು ಪಿಕಪ್ಪಿಗೆ ಯಾಕಾಗಬಾರದು ಅಂತ ಹೊಳೆಯಿತು. 1955ರ ಜೂನಿನಲ್ಲಿ ಪೇಟೆಂಟಿಗೆ ಅರ್ಜಿ, 1957ರಲ್ಲಿ ಲೆಸ್ ಪಾಲ್ ಗಿಟಾರಿನ ಮೇಲೆ ಪಕ್ಕಪಕ್ಕದಲ್ಲಿ ಎರಡು ಸುರುಳಿಯ ಪಿಕಪ್. ಅದೇ ಹಮ್‌ಬಕರ್. ಗುಂಯ್‌ಗೆ ಎದುರು ನಿಂತು ಗುದ್ದುವವನು ಅಂತ ಅರ್ಥ. ಹೆಚ್ಚುಕಮ್ಮಿ ಅದೇ ಹೊತ್ತಿಗೆ ರೇ ಬಟ್ಸ್ ಅನ್ನುವವನೂ ತನ್ನಷ್ಟಕ್ಕೆ ಇದೇ ಉತ್ತರ ಕಂಡುಕೊಂಡಿದ್ದ. ಚೆಟ್ ಆಟ್ಕಿನ್ಸ್ ತಮ್ಮ ಗಿಟಾರಿನ ಗುಂಯ್ ತಡೆಯಲಾರದೆ ಅವನನ್ನು ಕೇಳಿಕೊಂಡಿದ್ದರು. ಅದು ಗ್ರೆಚ್ ಗಿಟಾರಿನ ಫಿಲ್ಟರ್‌ಟ್ರಾನ್ ಆಯಿತು. ಇಬ್ಬರಿಗೂ ಪೇಟೆಂಟ್ ಸಿಕ್ಕಿದ್ದು 1959ರಲ್ಲೇ.

ಇಲ್ಲೊಂದು ಪ್ರಸಂಗ ಹೇಳಲೇಬೇಕು. ಅರ್ಜಿ ಹಾಕಿ ಕಾಯುವಾಗ ಗಿಬ್ಸನ್‌ನವರು ಪಿಕಪ್ಪಿನ ಕೆಳಗೆ 'ಪೇಟೆಂಟ್‌ಗೆ ಅರ್ಜಿ ಹಾಕಿದೆ' ಅಂತ ಚೀಟಿ ಅಂಟಿಸುತ್ತಿದ್ದರು. ಆಮೇಲೆ ನಂಬರ್ ಇರುವ ಚೀಟಿ ಬಂತು. ಆದರೆ ಆ ನಂಬರು 2,737,842 ಪಿಕಪ್ಪಿನದೇ ಅಲ್ಲ, ಲೆಸ್ ಪಾಲ್ ಅವರು ತಂತಿ ಕಟ್ಟುವ ಟೇಲ್‌ಪೀಸಿಗೆ ಪಡೆದದ್ದು! ನಕಲು ಮಾಡೋರು ಪೇಟೆಂಟ್ ಆಫೀಸಿಗೆ ಹೋಗಿ ಆ ನಂಬರು ತೆಗೆಸಿ ನೋಡಿದರೆ ಕೈಗೆ ಸಿಗೋದು ತಂತಿ ಕಟ್ಟೋ ಕಬ್ಬಿಣ. ಬೇಕಂತಲೇ ಮಾಡಿದ್ದು ಅಂತ ಬಹಳ ಜನ ನಂಬುತ್ತಾರೆ. ಆ ಹಳೆಯ 'ಅರ್ಜಿ ಹಾಕಿದೆ' ಚೀಟಿಯ ಪಿಕಪ್ಪುಗಳಿಗೆ ಈಗ ಬಂಗಾರದ ಬೆಲೆ.

ಸರಿ, ಗುಂಯ್ ಹೋಯಿತಲ್ಲ, ಇನ್ನೇನು ಅನ್ನಬಹುದು ನೀವು. ನೆಗಡಿ ಬಂತು ಅಂತ ಮೂಗು ಕೊಯ್ದ ಹಾಗೂ ಆಯಿತು. ಪಕ್ಕಪಕ್ಕದ ಎರಡು ಸುರುಳಿ ತಂತಿಯನ್ನು ಎರಡು ಜಾಗದಲ್ಲಿ ಕೇಳಿಸಿಕೊಳ್ಳುತ್ತೆ. ಸೂಕ್ಷ್ಮವಾದ, ಚೂಪಾದ ಕೆಲವು ಕಂಪನಗಳು ಒಂದು ಸುರುಳಿಯ ಮೇಲೆ ಏರುವಾಗ ಇನ್ನೊಂದರ ಮೇಲೆ ಇಳಿಯುತ್ತಿರುತ್ತವೆ, ಹಾಗಾಗಿ ಅವೂ ಗುಂಯ್ ಜೊತೆಗೇ ಕೊಚ್ಚಿಹೋಗುತ್ತವೆ. ಮೇಲಾಗಿ ಸುತ್ತುಗಳು ಜಾಸ್ತಿ ಆದಷ್ಟೂ ಸುರುಳಿ ಮೇಲಿನ ಸ್ವರಗಳನ್ನು ತಡೆಯುತ್ತೆ. ನಾದ ದಪ್ಪಗೆ, ದುಂಡಗೆ ಆಯಿತು. ಅದೂ ಚೆಂದವೇ, ಎಷ್ಟೋ ರಾಕ್ ಸಂಗೀತ ನಿಂತಿರೋದೇ ಅದರ ಮೇಲೆ. ಆದರೆ ಸ್ಟ್ರಾಟೋಕಾಸ್ಟರಿನ ಬಳೆ ಸದ್ದು ಮಾತ್ರ ಅಲ್ಲಿ ಇಲ್ಲ. ಹೀಗಾಗಿ ಗಿಟಾರಿನವರು ಎರಡು ಒಕ್ಕಲಾದರು. ದಪ್ಪ ದನಿಯ ಮೌನಿಗಳು, ತಿಳಿ ದನಿಯ ಗದ್ದಲದವರು.

ನನಗೆ ಇವತ್ತಿಗೂ ಬಗೆಹರಿಯದ ಒಗಟು ಅಂದರೆ ಲಿಯೋನದೇ. ಅದೇ 1957ರಲ್ಲಿ ಆತ ತನ್ನ ಪ್ರಿಸಿಶನ್ ಬೇಸ್ ಗಿಟಾರಿನ ಪಿಕಪ್ಪನ್ನು ಎರಡು ತುಂಡು ಮಾಡಿದ. ನಾಲ್ಕು ತಂತಿಯಲ್ಲಿ ಎರಡಕ್ಕೆ ಒಂದು ತುಂಡು, ಇನ್ನೆರಡಕ್ಕೆ ಇನ್ನೊಂದು, ಒಂದಕ್ಕೊಂದು ಉಲ್ಟಾ. ಗುಂಯ್ ಕಳೆಯಿತು. ಆದರೆ ಯಾವ ತಂತಿಯನ್ನೂ ಎರಡು ಸುರುಳಿ ಕೇಳಿಸಿಕೊಳ್ಳಲ್ಲ, ಒಂದೊಂದೇ, ಹಾಗಾಗಿ ನಾದಕ್ಕೆ ಅಂಥಾ ನಷ್ಟ ಇಲ್ಲ. ಎಷ್ಟು ಚೊಕ್ಕ ಅಂದರೆ, ಆ ಪಿಕಪ್ಪಿನ ಆಕಾರ ಇವತ್ತಿಗೂ ಬದಲಾಗಿಲ್ಲ. 1960ರ ಜಾಜ್ ಬೇಸಿನಲ್ಲೂ ಎರಡು ಪಿಕಪ್ಪನ್ನು ಒಟ್ಟಿಗೆ ತೆರೆದರೆ ಗುಂಯ್ ಇಲ್ಲದ ಹಾಗೆ ಮಾಡಿದ. 1965ರ ಹನ್ನೆರಡು ತಂತಿಯ ಗಿಟಾರಿಗೂ ತುಂಡು ಪಿಕಪ್ಪು. ತನ್ನ ಕೂಸಾದ ಸ್ಟ್ರಾಟೋಕಾಸ್ಟರಿಗೆ ಮಾತ್ರ ಮಾಡಲಿಲ್ಲ! ಆ ವರ್ಷವೇ ಕಂಪನಿಯನ್ನು 1.3 ಕೋಟಿ ಡಾಲರಿಗೆ ಸಿಬಿಎಸ್‌ಗೆ ಮಾರಿಬಿಟ್ಟ.

ಯಾಕಿರಬಹುದು? ಗಿಟಾರಿನವರು ತಂತಿಯನ್ನು ಪಕ್ಕಕ್ಕೆ ಎಳೆದು ಸ್ವರ ಜಾರಿಸುತ್ತಾರಲ್ಲ, ನಮ್ಮ ವೀಣೆಯ ಗಮಕದ ಹಾಗೆ, ಆಗ ತಂತಿ ಒಂದು ತುಂಡಿನಿಂದ ಇನ್ನೊಂದು ತುಂಡಿನ ಮೇಲೆ ಹೋಗಿ ಸದ್ದು ಹಾರಬಹುದು. ಅದೇ ಕಾರಣ ಅಂತ ನಾನು ಅಂದುಕೊಂಡಿದ್ದೇನೆ. ಅಥವಾ ಮಾರಾಟ ಚೆನ್ನಾಗಿರುವಾಗ ಯಾಕೆ ಕೈ ಹಾಕೋದು ಅನ್ನೋ ಅಂಗಡಿ ಬುದ್ಧಿಯೂ ಇರಬಹುದು. ತನ್ನ ಕೊನೆಯ ಕಂಪನಿ ಜಿ ಅಂಡ್ ಎಲ್‌ನಲ್ಲಿ, 1980ರ ದಶಕದಲ್ಲಿ, ಗಿಟಾರಿಗೂ ತುಂಡು ಪಿಕಪ್ ತಂದ. ಅಂದರೆ ಆ ಯೋಚನೆ ತಲೆಯಿಂದ ಹೋಗಿರಲಿಲ್ಲ.

ಅಷ್ಟರಲ್ಲಿ ಗುಂಯ್ ದೊಡ್ಡದಾಗುತ್ತಾ ಬಂದಿತ್ತು. ಸುರುಳಿ ಅದೇ, ಸುತ್ತಲ ಪ್ರಪಂಚ ಬದಲಾಯಿತು. 60ರ ದಶಕದಲ್ಲಿ ಆಂಪ್ಲಿಫೈಯರುಗಳು ಆಳೆತ್ತರ ಆದವು, ಅವನ್ನು ಒಡಕು ದನಿ ಬರುವ ತನಕ ಏರಿಸಿ ನುಡಿಸುವುದು ಬಂತು. ಹಾಗೆ ಏರಿಸಿದಾಗ ಸಣ್ಣ ಸದ್ದೂ ದೊಡ್ಡ ಸದ್ದಿನ ಸಮಕ್ಕೆ ಬಂದು ನಿಲ್ಲುತ್ತೆ. ಎಲ್ಲೆಲ್ಲೂ ಟ್ಯೂಬ್‌ಲೈಟು. ವೇದಿಕೆಯ ದೀಪಗಳಿಗೆ ಡಿಮ್ಮರು. 1969ರ ವುಡ್‌ಸ್ಟಾಕಿನಲ್ಲಿ ಜಿಮಿ ಹೆಂಡ್ರಿಕ್ಸ್ ಹಿಡಿದಿದ್ದ ಬಿಳಿ ಸ್ಟ್ರಾಟೋಕಾಸ್ಟರಿನಲ್ಲೂ ಇದ್ದದ್ದು ಇದೇ ಒಂಟಿ ಸುರುಳಿ. ಅವನಿಗೆ ಗದ್ದಲವೇ ಬಂಡವಾಳ, ಚಿಂತೆ ಇರಲಿಲ್ಲ. ಆದರೆ ಸ್ಟುಡಿಯೋದಲ್ಲಿ ಒಂದೊಂದು ವಾದ್ಯವನ್ನೂ ಬೇರೆ ಬೇರೆ ಟ್ರ್ಯಾಕಿನಲ್ಲಿ ಹಿಡಿಯಲು ಶುರು ಮಾಡಿದ ಮೇಲೆ ಗುಂಯ್ ಬಚ್ಚಿಟ್ಟುಕೊಳ್ಳಲು ಜಾಗವೇ ಇಲ್ಲದಾಯಿತು.

ಇದರ ನಡುವೆ ಒಂದು ಪರಿಹಾರ ತಾನೇ ತಾನಾಗಿ ಸಿಕ್ಕಿದ್ದು ಚೆನ್ನಾಗಿದೆ. ಸ್ಟ್ರಾಟೋಕಾಸ್ಟರಿನ ಸ್ವಿಚ್ಚಿಗೆ ಮೊದಲು ಮೂರೇ ಜಾಗ. ಹುಡುಗರು ಅದನ್ನು ಎರಡರ ನಡುವೆ ಸಿಕ್ಕಿಸಿ ಎರಡು ಪಿಕಪ್ ಒಟ್ಟಿಗೆ ನುಡಿಸುವ ಕಳ್ಳದಾರಿ ಕಂಡುಕೊಂಡರು. 1977ರಲ್ಲಿ ಕಂಪನಿಯೇ ಐದು ಜಾಗದ ಸ್ವಿಚ್ಚು ಹಾಕಿತು. ಮುಂದೆ ನಡುವಿನ ಪಿಕಪ್ಪನ್ನು ಉಲ್ಟಾ ಸುತ್ತಿ, ಅಯಸ್ಕಾಂತವನ್ನೂ ಉಲ್ಟಾ ಇಡೋದು ರೂಢಿಯಾಯಿತು. ಆ ನಡುವಿನ ಎರಡು ಜಾಗಗಳಲ್ಲಿ ಗುಂಯ್ ಮಾಯ. ಉಳಿದ ಮೂರರಲ್ಲಿ ಹಾಗೇ ಇದೆ.

ಇನ್ನು ನೋಬ್ಲಾನ ಅಟ್ಟದ ಉಪಾಯ. 1980ರ ಆಸುಪಾಸಿನಲ್ಲಿ ಡಿಮಾರ್ಜಿಯೋ, ಸೆಮೂರ್ ಡಂಕನ್ ಕಂಪನಿಗಳು ಒಂಟಿ ಸುರುಳಿಯ ಅಳತೆಯ ಡಬ್ಬಿಯೊಳಗೆ ಒಂದರ ಮೇಲೊಂದು ಎರಡು ಸುರುಳಿ ಇಟ್ಟು ಮಾರಿದವು. ಮೇಲಿನದು ತಂತಿಯನ್ನೂ ಗುಂಯ್ಯನ್ನೂ ಕೇಳುತ್ತೆ, ಕೆಳಗಿನದು ದೂರ ಇರೋದರಿಂದ ಹೆಚ್ಚಾಗಿ ಗುಂಯ್ ಮಾತ್ರ. ಒಂದರಲ್ಲಿ ಇನ್ನೊಂದು ಕಳೆದರೆ ತಂತಿ ಉಳಿಯಬೇಕು. ಲೆಕ್ಕ ಸರಿ. ಆದರೆ ಕೆಳಗಿನದಕ್ಕೂ ತಂತಿಯ ಸದ್ದು ಅಷ್ಟಿಷ್ಟು ತಲುಪುತ್ತೆ, ಅದೂ ಕಳೆದುಹೋಗುತ್ತೆ. ಸೊರಗಿದ ದನಿಯನ್ನು ಸರಿ ಮಾಡಲು ಸುತ್ತು ಹೆಚ್ಚಿಸಿದರೆ ಮತ್ತೆ ಮಂಕು. ಮೊದಮೊದಲ ಪಿಕಪ್ಪುಗಳನ್ನು ಜನ ಬೈದದ್ದು ಸುಮ್ಮನೆ ಅಲ್ಲ.

ಬೇರೆ ದಾರಿಗಳೂ ಇದ್ದವು. 1976ರಲ್ಲಿ ಶುರುವಾದ ಇಎಂಜಿ ಕಂಪನಿ ಕಡಿಮೆ ಸುತ್ತಿನ ಸುರುಳಿ ಇಟ್ಟು, ಗಿಟಾರಿನೊಳಗೇ ಬ್ಯಾಟರಿಯ ಪುಟ್ಟ ಆಂಪ್ಲಿಫೈಯರು ಹಾಕಿತು. ಪಿಂಕ್ ಫ್ಲಾಯ್ಡಿನ ಡೇವಿಡ್ ಗಿಲ್ಮರ್ ಅದನ್ನು ತಮ್ಮ ಕೆಂಪು ಸ್ಟ್ರಾಟೋಕಾಸ್ಟರಿಗೆ ಹಾಕಿಸಿ ದೊಡ್ಡ ದೊಡ್ಡ ಮೈದಾನಗಳಲ್ಲಿ ನುಡಿಸಿದರು. ಆಲೆಂಬಿಕ್ ಕಂಪನಿ ತಂತಿಗೆ ಸಂಬಂಧವೇ ಇಲ್ಲದ, ಬರೀ ಗುಂಯ್ ಕೇಳಿಸಿಕೊಳ್ಳಲು ಒಂದು ಡಮ್ಮಿ ಸುರುಳಿ ಇಟ್ಟಿತು. ಡಾನ್ ಲೇಸ್‌ನ ಲೇಸ್ ಸೆನ್ಸರ್ ಪಿಕಪ್ಪುಗಳು 1987ರಲ್ಲಿ ಫೆಂಡರಿನ ಸ್ಟ್ರಾಟ್ ಪ್ಲಸ್ ಗಿಟಾರಿಗೆ ಬಂದವು, ಮರುವರ್ಷ ಎರಿಕ್ ಕ್ಲಾಪ್ಟನ್ ಹೆಸರಿನ ಗಿಟಾರಿಗೂ.

90ರ ದಶಕದಲ್ಲಿ ಮನೆಮನೆಗೆ ಕಂಪ್ಯೂಟರ್ ಬಂತು. ಆಗಿನ ದಪ್ಪ ಹೊಟ್ಟೆಯ ಮಾನಿಟರುಗಳ ನೆನಪಿದೆಯಲ್ಲ? ಅವುಗಳ ಮುಂದೆ ಒಂಟಿ ಸುರುಳಿಯ ಗಿಟಾರ್ ಹಿಡಿದು ಕೂತರೆ ದೇವರೇ ಗತಿ. ಮನೇಲೇ ರೆಕಾರ್ಡಿಂಗ್ ಮಾಡುವವರು ಹೆಚ್ಚಿದ್ದಕ್ಕೂ ಗುಂಯ್ ಇಲ್ಲದ ಪಿಕಪ್ಪಿಗೆ ಗಿರಾಕಿ ಹೆಚ್ಚಿದ್ದಕ್ಕೂ ಸಂಬಂಧ ಇದೆ ಅಂತ ನನ್ನ ನಂಬಿಕೆ. ಆಸ್ಟ್ರೇಲಿಯಾದ ಕ್ರಿಸ್ ಕಿನ್‌ಮನ್ ಥರದವರು ಅಟ್ಟದ ಉಪಾಯವನ್ನೇ ಹಿಡಿದು ಪಳಗಿಸಿದರು. ಕೆಳಗಿನ ಸುರುಳಿಗೆ ಕಬ್ಬಿಣದ ಭಾಗಗಳನ್ನು ಸೇರಿಸಿ, ಕಡಿಮೆ ಸುತ್ತಿನಲ್ಲೇ ಅಷ್ಟೇ ಗುಂಯ್ ಹಿಡಿಯುವ ಹಾಗೆ ಮಾಡೋದು ಅಲ್ಲಿನ ಮರ್ಮ. ಮೇಲಿನ ಸುರುಳಿ ಆಗ ಹೆಚ್ಚುಕಮ್ಮಿ ಹಳೆಯದರ ಹಾಗೇ ಇರಬಹುದು. ಫೆಂಡರ್ ಕಂಪನಿಯದೇ ವಿಂಟೇಜ್ ನಾಯ್ಸ್‌ಲೆಸ್ 1998ರಲ್ಲಿ ಬಂತು, 2001ರಿಂದ ಕ್ಲಾಪ್ಟನ್ ಗಿಟಾರಿಗೂ ಅದೇ. 2004ರಲ್ಲಿ ಬಿಲ್ ಲಾರೆನ್ಸ್ ಜೊತೆ ಸಮೇರಿಯಂ ಕೋಬಾಲ್ಟ್ ಅಯಸ್ಕಾಂತದ್ದು. 2014ರಲ್ಲಿ ಫಿಶ್‌ಮನ್ ಫ್ಲೂಯೆನ್ಸ್ ಅಂತ ಬಂತು, ಅದರಲ್ಲಿ ಸುತ್ತೋದೇ ಇಲ್ಲ, ಸರ್ಕ್ಯೂಟ್ ಬೋರ್ಡಿನ ಪದರಗಳ ಮೇಲೆ ಅಚ್ಚು ಹಾಕಿದ ಸುರುಳಿ. ಬ್ಯೂಶಾಂನ ಮನೆಯ ಮೋಟರಿಗೆ ಕೊನೆಗೂ ರಜೆ.

ಇಷ್ಟೆಲ್ಲ ಆದಮೇಲೆ ಗಿಲ್ಮರ್ ಏನು ಮಾಡಿದರು ಗೊತ್ತೇ? 2005ರ ಲೈವ್ 8 ಕಾರ್ಯಕ್ರಮಕ್ಕೆ ತಮ್ಮ ಹಳೆಯ ಕಪ್ಪು ಸ್ಟ್ರಾಟೋಕಾಸ್ಟರನ್ನೇ ಹೊರತೆಗೆದರು. ಒಂಟಿ ಸುರುಳಿಯದ್ದು. 2019ರಲ್ಲಿ ಅದು ಹರಾಜಿನಲ್ಲಿ 39 ಲಕ್ಷ 75 ಸಾವಿರ ಡಾಲರಿಗೆ ಹೋಯಿತು.

ಈಗ ಅಣ್ಣನ ಗಿಟಾರಿಗೆ ಬರ್ತೀನಿ. ಒಂದರ ಮೇಲೊಂದು ಸುರುಳಿ ಇರುವ ಮೂರು ಪಿಕಪ್ಪುಗಳ ಸೆಟ್ಟು ತರಿಸಿದೆ. ಗಿಟಾರಿನ ಬೆಲೆಗೆ ಹೋಲಿಸಿದರೆ ಮೂಗಿಗಿಂತ ಮೂಗುತಿ ಭಾರ. ಎಸ್.ಪಿ. ರೋಡಿನಲ್ಲಿ ಹೊಸ ಸೋಲ್ಡರಿಂಗ್ ಐರನ್ನು. ಬಿಳಿ ತಗಡಿನ ಹನ್ನೊಂದು ಸ್ಕ್ರೂ ಬಿಚ್ಚಿದೆ. ಒಳಗೆ 33 ವರ್ಷ ಹಳೆಯ ಸಿಗರೇಟ್ ಬೆಳ್ಳಿ ಕಾಗದ ಇನ್ನೂ ಅಂಟಿಕೊಂಡಿತ್ತು. ಆ ಕಾಗದ ಸರಿಯಾಗಿ ಅರ್ಥ್ ಆಗಿದ್ದರೆ ಚರಚರ ಅನ್ನುವ ಸದ್ದನ್ನು ತಡೆದೀತೇ ಹೊರತು ಗುಂಯ್ಯನ್ನಲ್ಲ, ಕಾಂತಕ್ಷೇತ್ರಕ್ಕೆ ತೆಳು ಕಾಗದ ಯಾವ ಲೆಕ್ಕ. ಬೆಸುಗೆಗಳನ್ನು ಒಂದೊಂದಾಗಿ ಭೂತಗನ್ನಡಿ ಹಿಡಿದು ನೋಡಿದೆ. ಎಲ್ಲವೂ ಬೆಳ್ಳಿಯ ಹನಿ ಕೂತ ಹಾಗೆ ನುಣ್ಣಗೆ, ದುಂಡಗೆ. ನನ್ನದು ಒಂದೂ ಹಾಗೆ ಕೂರಲಿಲ್ಲ.

ಎರಡು ಸುರುಳಿಯ ಪಿಕಪ್ಪು ಎತ್ತರ ಜಾಸ್ತಿ. ಹಳೆಯ ಗುಂಡಿಯಲ್ಲಿ ಕೂರಲಿಲ್ಲ, ಮೂರು ಮಿಲಿಮೀಟರು ಮರ ಕೆತ್ತಬೇಕು. ಒಮ್ಮೆ ಕೆತ್ತಿದರೆ ಮತ್ತೆ ಬರಲ್ಲ. ಅಣ್ಣನಿಗೆ ಫೋನ್ ಮಾಡಿದೆ. "ನಿನ್ನ ಗಿಟಾರ್ ಕಣೋ ಈಗ, ನನ್ನೇನು ಕೇಳ್ತೀಯ" ಅಂದ. ಸ್ವಲ್ಪ ಹೊತ್ತು ಬಿಟ್ಟು ಅವನೇ ವಾಪಸ್ ಮಾಡಿ, "ಉಳಿ ಚೂಪಾಗಿರ್ಲಿ, ಅದು ಪ್ಲೈವುಡ್ಡು, ಸಿಬಿರು ಏಳುತ್ತೆ" ಅಂದ.

ಹಬ್ಬಕ್ಕೆ ಬಂದಾಗ ಗಿಟಾರು ಕೈಗೆ ಕೊಟ್ಟೆ. ಆಂಪ್ಲಿಫೈಯರಿನ ಮುಂದೆ ಸ್ಟೂಲು ಹಾಕಿಕೊಂಡು ಕೂತ. ಕೂತವನೇ ಅಭ್ಯಾಸಬಲದಿಂದ ಅರ್ಧ ತಿರುಗಿದ. ವಾಲ್ಯೂಮ್ ಪೂರ್ತಿ ಏರಿಸಿ ಕಾದ. ಏನೂ ಇಲ್ಲ. "ಆನ್ ಆಗಿದ್ಯೇನೋ?" ಅಂತ ನನ್ನ ಕೇಳಿದ. ಆಗಿದೆ ಅಂದೆ. ಒಂದು ತಂತಿ ಮೀಟಿದ. ಹುಬ್ಬೇರಿಸಿ ನನ್ನ ಮುಖ ನೋಡಿದ. ಆಮೇಲೆ ನುಡಿಸಿದ್ದು 1993ರ ಆ ಭಾವಗೀತೆಯ ಪೀಠಿಕೆ, ಎಲ್ಲೂ ತಡವರಿಸದೆ. ಆ ಎರಡು ಕಡೆಯ ಮೌನವನ್ನೂ ಅಳತೆ ತಪ್ಪದೆ ಬಿಟ್ಟ.

ಕಾಫಿ ಕುಡೀತಾ ಅವನಿಗೆ ಇಲ್ಲಿ ಬರೆದದ್ದನ್ನೆಲ್ಲ ಹೇಳಿದೆ. ಲವರ್, ಲಿಯೋ, ಹೆಂಡ್ರಿಕ್ಸ್, ಗಿಲ್ಮರನ ಹರಾಜು. ಸುಮ್ಮನೆ ಕೇಳಿಸಿಕೊಂಡ. "ಅಂದ್ರೆ ಹೆಂಡ್ರಿಕ್ಸಿನದೂ ಗುಂಯ್ ಅಂತಿತ್ತಾ?" ಅಂದ. ಅಂತಿತ್ತು ಅಂದೆ. "ಹಾಗಾದ್ರೆ ನನ್ನ ಬೆಸುಗೆ ಸರಿಯಾಗೇ ಇತ್ತು" ಅಂದ, ನನಗಲ್ಲ, ಲೋಟಕ್ಕೆ.

ಹೊರಡುವಾಗ ಚಪ್ಪಲಿ ಹಾಕಿಕೊಳ್ತಾ ಇನ್ನೊಂದು ಮಾತು ಹೇಳಿದ. "ಕುತ್ತಿಗೆ ಹತ್ರದ್ದು, ಮಧ್ಯದ್ದು ಚೆನ್ನಾಗಿದೆ ಕಣೋ. ಬ್ರಿಡ್ಜ್ ಹತ್ರದ್ದು ಯಾಕೋ ಸ್ವಲ್ಪ ಸಪ್ಪೆ. ಹಳೇದು ಬಿಸಾಕಿಲ್ಲ ತಾನೆ? ಅದೊಂದು ವಾಪಸ್ ಹಾಕ್ಬಿಡು." ಹಳೆಯವು ಮೂರೂ ಹಾರ್ಲಿಕ್ಸ್ ಬಾಟಲಿಯಲ್ಲಿವೆ. ನಿನ್ನೆ ಮೀಟರ್ ಹಿಡಿದು ನೋಡಿದೆ, ಬ್ರಿಡ್ಜಿನದು 5.8 ಕಿಲೋ ಓಮ್, ಇನ್ನೂ ಜೀವ ಇದೆ. ಬರುವ ಭಾನುವಾರ ಮತ್ತೆ ಹನ್ನೊಂದು ಸ್ಕ್ರೂ ಬಿಚ್ಚಬೇಕು.